ಹೆಂಡತಿಯನ್ನೇ ಫೇಲ್ ಮಾಡಿದವರು

ಶುಶ್ರೂಷಾ ಕಾಲೇಜಿನ ವಸತಿಗೃಹ,
ಶುಕ್ರವಾರ, ಮಧ್ಯಾಹ್ನ

ಮಾನ್ಯ ಡೀನ್ ಸಾಹೇಬರಿಗೆ, ಕಾಗದದ ಮೇಲೆ ಇನ್ನೂ ನನ್ನ ಯಜಮಾನರಾಗಿರುವವರಿಗೆ,

ನಮಸ್ಕಾರ. ಕ್ಷೇಮ ಸಮಾಚಾರ ಕೇಳಿ ಪತ್ರ ಶುರು ಮಾಡಬೇಕಂತೆ. ನನಗೆ ಕೇಳುವ ಮನಸ್ಸಿಲ್ಲ. ನೀವು ಕ್ಷೇಮವಾಗಿಯೇ ಇದ್ದೀರಿ, ದಿನಾ ಬೆಳಿಗ್ಗೆ ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತೀರಿ, ಊರೇ ನಿಮ್ಮದು ಅನ್ನುವ ಹಾಗೆ ಕೈ ಬೀಸಿಕೊಂಡು ಮೈದಾನ ಸುತ್ತುತ್ತಿರುತ್ತೀರಿ. ಒಂದೇ ಆವರಣದಲ್ಲಿದ್ದುಕೊಂಡು ಇವಳೇಕೆ ಅಂಚೆಗೆ ಹಾಕಿದಳು ಎಂದು ಹುಬ್ಬು ಗಂಟಿಕ್ಕಬೇಡಿ. ಜವಾನನ ಕೈಗೆ ಕೊಟ್ಟರೆ ನಿಮ್ಮ ಆಪ್ತ ಸಹಾಯಕ ಒಡೆದು ಓದಿ, ನಿಮಗೆ ಸಾರಾಂಶ ಹೇಳಿ, ಕಚೇರಿಗೆಲ್ಲ ಪೂರ್ತಿ ಕಥೆ ಹೇಳುತ್ತಾನೆ.

ವಿಶ್ವವಿದ್ಯಾಲಯದ ಬೆಳ್ಳಿಹಬ್ಬಕ್ಕೆ ನೀವು ಬರೆದಿರುವ ಚರಿತ್ರೆಯ ಕರಡು ತಲುಪಿತು. ‘ಮಾನ್ಯ ಪ್ರಾಂಶುಪಾಲರೇ, ತಮ್ಮ ಕಾಲೇಜಿಗೆ ಸಂಬಂಧಿಸಿದ ಭಾಗವನ್ನು ಪರಿಶೀಲಿಸಿ ಹಿಂದಿರುಗಿಸತಕ್ಕದ್ದು’ ಎಂದು ಮೇಲೆ ಚೀಟಿ ಅಂಟಿಸಿದ್ದೀರಿ. ಸಂತೋಷ. ನನ್ನ ಭಾಗ ಹುಡುಕುವುದಕ್ಕೆ ನಾನು ಪುಸ್ತಕದ ಕೊನೆಯವರೆಗೆ ಹೋಗಬೇಕಾಯಿತು. ವೈದ್ಯಪದವಿಗೆ ಮೂರು ಅಧ್ಯಾಯ, ಸ್ನಾತಕೋತ್ತರ ವಿಭಾಗಗಳಿಗೆ ಒಂದೊಂದು ಫೋಟೋ, ಸಂಶೋಧನಾ ಪದವಿಗೆ ನಿಮ್ಮದೇ ಎರಡು ಫೋಟೋ. ದಂತವೈದ್ಯಕ್ಕೆ, ಔಷಧಶಾಸ್ತ್ರಕ್ಕೆ ಒಂದೊಂದು ಪುಟ. ಶುಶ್ರೂಷಾ ಪದವಿಗೆ ಒಂದು ಪ್ಯಾರಾ, ಅದರ ಕೆಳಗೇ ‘ವಾಹನ ನಿಲುಗಡೆ ವ್ಯವಸ್ಥೆ’. ಆಸ್ಪತ್ರೆಯ ಅಷ್ಟೂ ವಾರ್ಡುಗಳಲ್ಲಿ ರಾತ್ರಿ ಹಗಲೆನ್ನದೆ ಕಾಲು ಸವೆಸುವ ನನ್ನ ಹುಡುಗಿಯರಿಗಿಂತ ನಿಮ್ಮ ಸ್ಕೂಟರುಗಳಿಗೆ ಎರಡು ಸಾಲು ಹೆಚ್ಚು. ಇರಲಿ, ನಾನು ಜಗಳಕ್ಕೆ ಕೂತದ್ದು ಅದಕ್ಕಲ್ಲ.

‘ದೂರದೃಷ್ಟಿಯ ಫಲವಾಗಿ ಸ್ಥಾಪಿತವಾದ’ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಒಬ್ಬಳೇ ನಕ್ಕೆ. ಯಾವ ದೂರದೃಷ್ಟಿ ಸ್ವಾಮಿ? ಮುಚ್ಚಿ ಹೋದ ನೂಲಿನ ಗಿರಣಿ, ಯಾರಿಗೂ ಬೇಡವಾದ ಜಾಗ, ಅಲ್ಲಿ ತಂದು ನಮ್ಮನ್ನು ಕೂರಿಸಿದರು. ಆಗ ವಿಶ್ವವಿದ್ಯಾಲಯವೂ ಅಲ್ಲ, ಬರೀ ಒಂದು ಕಾಲೇಜು. ದಾರಕ್ಕೆ ಬಣ್ಣ ಹಾಕುತ್ತಿದ್ದ ಸಿಮೆಂಟ್ ತೊಟ್ಟಿಗಳಲ್ಲೇ ಫಾರ್ಮಲಿನ್ ತುಂಬಿ ದೇಹಗಳನ್ನು ಇಟ್ಟಿದ್ದರು. ಎಷ್ಟು ತೊಳೆದರೂ ತೊಟ್ಟಿಯ ನೀಲಿ ಬಿಡುತ್ತಿರಲಿಲ್ಲ, ಶವಚ್ಛೇದನ ಮುಗಿಸಿ ಬಂದ ನಮ್ಮೆಲ್ಲರ ಉಗುರು ನೀಲಿ. ಅದೇ ಕೈಯಲ್ಲಿ ಊಟ ಮಾಡುತ್ತಿದ್ದೆವು. ನೀವು ಹೊಸದಾಗಿ ಬಂದ ಅಧ್ಯಾಪಕರು, ಗರಿಗರಿ ಇಸ್ತ್ರಿಯ ಬಿಳಿ ಕೋಟು. ನಾನು ಮೊದಲ ವರ್ಷದ ವಿದ್ಯಾರ್ಥಿನಿ. ಎರಡು ಮನೆಯವರೂ ಒಪ್ಪಿ, ವರ್ಷದ ನಡುವೆಯೇ ಮದುವೆ ಮಾಡಿ ಮುಗಿಸಿದರು. ಓದು ನಿಲ್ಲಿಸುವುದಿಲ್ಲ ಎಂದು ನಿಮ್ಮ ಕಡೆಯವರು ಮಾತು ಕೊಟ್ಟಿದ್ದರು. ಇದು ಯಾವುದೂ ನಿಮ್ಮ ಪುಸ್ತಕದಲ್ಲಿಲ್ಲ.

ಪುಸ್ತಕದಲ್ಲಿ ಇರುವುದು ಏನು ಗೊತ್ತೇ? ನಿಮಗೆ ಗೊತ್ತಿಲ್ಲದೆ ಏನು! ‘ಸಂಸ್ಥೆಯ ನಿಷ್ಪಕ್ಷಪಾತಕ್ಕೆ ನಿದರ್ಶನವಾಗಿ, ಸ್ವಂತ ಪತ್ನಿಯನ್ನೇ ಅನುತ್ತೀರ್ಣಗೊಳಿಸಿದ ಅಧ್ಯಾಪಕರೊಬ್ಬರ ಪ್ರಸಂಗವನ್ನು ಇಂದಿಗೂ ಸ್ಮರಿಸಲಾಗುತ್ತದೆ.’ ಸ್ಮರಿಸಲಾಗುತ್ತದೆಯಂತೆ! ಸ್ಮರಿಸುವವರೂ ನೀವೇ, ಬರೆದವರೂ ನೀವೇ, ಆ ಅಧ್ಯಾಪಕರೂ ನೀವೇ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ದಿನದ ಕಥೆಯನ್ನು ನೀವು ನೂರು ಸಭೆಗಳಲ್ಲಿ ಹೇಳಿದ್ದೀರಿ. ಒಂದು ಸಲ ನನ್ನ ಬಾಯಿಂದ ಕೇಳಿ. ಅಂಗರಚನಾಶಾಸ್ತ್ರದ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬರಬೇಕಿದ್ದ ಪರೀಕ್ಷಕರಿಗೆ ರೈಲು ತಪ್ಪಿತು. ಉಳಿದವರು ದೊಡ್ಡ ಮೇಷ್ಟ್ರು ಮತ್ತು ನೀವು. ದೊಡ್ಡ ಮೇಷ್ಟ್ರು ವಿಭಾಗದ ಮುಖ್ಯಸ್ಥರು, ಲೋಕ ಕಂಡವರು. ‘ನಿನ್ನ ಹೆಂಡ್ತಿ ನಂಬರ್ ಬಂದಾಗ ನೀನು ಹೊರಗೆ ಹೋಗಿ ಒಂದು ಟೀ ಕುಡಿದು ಬಾರಪ್ಪಾ, ನಾನು ನೋಡ್ಕೋತೀನಿ’ ಎಂದರು. ಬಾಗಿಲ ಹೊರಗೆ ಸರದಿಯಲ್ಲಿ ನಿಂತಿದ್ದ ನನಗೆ ಕೇಳಿಸಿತು. ನೀವು ಏನೆಂದಿರಿ? ‘ಬೇಡ ಸಾರ್, ನಾನೇ ಕೇಳ್ತೀನಿ. ನಾಳೆ ಯಾರೂ ಒಂದು ಮಾತು ಆಡಬಾರದು.’ ಒಂದು ಟೀ, ಅಷ್ಟೇ. ಆ ಒಂದು ಲೋಟ ಟೀ ನೀವು ಕುಡಿದಿದ್ದರೆ ನಾನು ಇವತ್ತು ಡಾಕ್ಟರು.

ಎಲ್ಲರಿಗೂ ಮೂರು ಮೂಳೆ ಕೊಟ್ಟು ಕೇಳುತ್ತಿದ್ದಿರಿ. ನನಗೂ ಮೂರು ಕೊಟ್ಟಿರಿ. ತೊಡೆಯದು, ಭುಜದ್ದು, ಬೆನ್ನಿನ ಒಂದು ಮಣಿ. ತಡವರಿಸದೆ ಹೇಳಿದೆ. ದೊಡ್ಡ ಮೇಷ್ಟ್ರು ತಲೆಯಾಡಿಸಿ ಪೆನ್ನು ತೆಗೆದರು. ಆಗ ನೀವು ಮೇಜಿನ ಕೆಳಗಿನಿಂದ ಇನ್ನೊಂದು ಪೆಟ್ಟಿಗೆ ಎಳೆದಿರಿ. ಮಣಿಕಟ್ಟಿನ ಸಣ್ಣ ಮೂಳೆಗಳು, ಕಡಲೆಕಾಳಿನ ಗಾತ್ರದವು. ಒಂದೊಂದೇ ನನ್ನ ಅಂಗೈಗೆ ಹಾಕಿ ಯಾವ ಕೈಯದು, ಬಲವೋ ಎಡವೋ ಎಂದು ಕೇಳಿದಿರಿ. ಹೇಳಿದೆ. ಆಮೇಲೆ ಕಾಲಿನವು. ಅವನ್ನೂ ಹೇಳಿದೆ. ಬೇರೆಯವರಿಗೆ ಮೂರು ಮೂಳೆ, ನನಗೆ ಒಂದು ಮೂಟೆ! ನಾನು ತಪ್ಪುವವರೆಗೆ ನೀವು ಬಿಡುವುದಿಲ್ಲ ಎಂದು ಅರ್ಥವಾಗುವಷ್ಟರಲ್ಲಿ ಒಂದನ್ನು ತಪ್ಪಿದೆ. ಆಗ ನೀವು ಅಬ್ಬಾ ಎನ್ನುವಂತೆ ಉಸಿರು ಬಿಟ್ಟಿರಿ. ಫೇಲಾದದ್ದನ್ನು ನಾನು ಎಂದೋ ನುಂಗಿಕೊಂಡೆ. ಆ ಉಸಿರನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.

ಅವತ್ತು ಸಂಜೆ ನಾನು ಮಾಡಿ ಬಡಿಸಿದ್ದನ್ನೇ ನೆಮ್ಮದಿಯಾಗಿ ಉಂಡು, ‘ಮುಂದಿನ ಸಲ ಚೆನ್ನಾಗಿ ಓದು’ ಎಂದಿರಿ. ಮುಂದಿನ ಸಲ ನಾನು ಕೂರಲಿಲ್ಲ. ಏಕೆ ಎಂದು ನಿಮಗೆ ಗೊತ್ತು, ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ನಿಮ್ಮ ಪುಸ್ತಕದ ಪ್ರಕಾರ ನಾನು ‘ಆಸಕ್ತಿ ಬದಲಾಗಿ ಶುಶ್ರೂಷಾ ಕ್ಷೇತ್ರ ಆರಿಸಿಕೊಂಡೆ’. ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದರೆ ಅದಕ್ಕೆ ಆಸಕ್ತಿ ಬದಲಾಗುವುದು ಎನ್ನುತ್ತಾರೆಂದು ನನಗೆ ತಿಳಿದಿರಲಿಲ್ಲ. ಶುಶ್ರೂಷಾ ಕಾಲೇಜು ತೆರೆದಾಗ ಅಲ್ಲಿ ಸೇರಿದೆ, ಕಲಿತೆ, ಕಲಿಸಿದೆ, ಅಲ್ಲಿಯ ಸ್ನಾತಕೋತ್ತರ ಪಠ್ಯವನ್ನು ನಾನೇ ಕೂತು ಕಟ್ಟಿದೆ. ಆ ಕೆಲಸ ನನಗೆ ಇಷ್ಟ. ಆದರೆ ಇಷ್ಟವಾದದ್ದು ಬೇರೆ, ಆರಿಸಿಕೊಂಡದ್ದು ಬೇರೆ.

ನಾವಿಬ್ಬರೂ ಬೇರೆಯಾದದ್ದೂ ಆ ಕಥೆಯಿಂದಲೇ, ಮರೆತಿರಾ? ಮಗಳು ವೈದ್ಯಪದವಿ ಪಡೆದ ದಿನ, ಘಟಿಕೋತ್ಸವದ ವೇದಿಕೆ ಮೇಲೆ ನಿಂತು ಮತ್ತೆ ಅದನ್ನೇ ಹೇಳಿದಿರಿ. ಸಾವಿರ ಜನ ನಕ್ಕರು. ಮುಂದಿನ ಸಾಲಿನಲ್ಲಿ ಕೂತ ನನ್ನ ಕಡೆ ಕೈ ತೋರಿಸಿದಿರಿ, ಅವರು ಇನ್ನೂ ಜೋರಾಗಿ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮರುದಿನ ನೀವು ಡೀನ್ ಬಂಗಲೆಗೆ ಸಾಮಾನು ಸಾಗಿಸಿದಿರಿ, ನಾನು ನನ್ನ ಪೆಟ್ಟಿಗೆ ಈ ಕಡೆಗೆ ತಂದೆ. ಅದಕ್ಕೆ ಪಶ್ಚಾತ್ತಾಪವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಕರಡಿನ ಜೊತೆಗೇ ಪರೀಕ್ಷಾ ವಿಭಾಗದ ಆದೇಶವೂ ಎಲ್ಲ ಪ್ರಾಂಶುಪಾಲರಿಗೆ ಬಂದಿದೆ. ಅಂಗರಚನಾಶಾಸ್ತ್ರದ ಸ್ನಾತಕೋತ್ತರ ಅಂತಿಮ ಪರೀಕ್ಷೆ, ಮುಂದಿನ ಗುರುವಾರ. ಮುಖ್ಯ ಪರೀಕ್ಷಕರು ನೀವು. ಪರೀಕ್ಷೆಗೆ ಕೂರುವವರಲ್ಲಿ ನಮ್ಮ ಮಗಳು ಒಬ್ಬಳು. ಓದಿದವಳೇ ಊಟದ ತಟ್ಟೆ ಸರಿಸಿ ಈ ಕಾಗದ ಹಿಡಿದು ಕೂತೆ.

ಓರಗೆಯ ಮಕ್ಕಳೆಲ್ಲ ಚರ್ಮ, ಕಣ್ಣು, ಎಕ್ಸ್-ರೇ ಎಂದು ದುಡ್ಡು ಬರುವ ಕಡೆ ಓಡಿದಾಗ ಇವಳು ನಿಮ್ಮ ಹೆಣದ ಕೋಣೆಯನ್ನು ಆರಿಸಿಕೊಂಡಳು. ಬೇಡ ಕಣೇ ಎಂದು ನಾನು ಎಷ್ಟು ಹೇಳಿದೆ! ಕೇಳಲಿಲ್ಲ, ನಿಮ್ಮ ರಕ್ತ. ಪಾಸಾದರೆ ಹೊಸ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕಿಯ ಕೆಲಸ ಕಾದಿದೆ, ಫೇಲಾದರೆ ಅದು ಬೇರೆಯವರ ಪಾಲು. ವೈದ್ಯಪದವಿಯ ಮೊದಲ ವರ್ಷದಲ್ಲಿ ಅವಳು ನಿಮ್ಮ ವಿಷಯದಲ್ಲೇ ಎಲ್ಲರಿಗಿಂತ ಮುಂದೆ ಬಂದಳು. ಆಗ ನೀವು ಯಾವುದೋ ಸಮ್ಮೇಳನಕ್ಕೆಂದು ದೇಶದಲ್ಲೇ ಇರಲಿಲ್ಲ. ಎರಡಕ್ಕೂ ಸಂಬಂಧವಿಲ್ಲ ಎಂದು ನೀವು ಹೇಳಬಹುದು, ನಾನು ಹೇಳಲಾರೆ.

ನಿಮಗೆ ಮಗಳ ಮೇಲೆ ದ್ವೇಷವಿದೆ ಎಂದು ನಾನು ಹೇಳುತ್ತಿಲ್ಲ. ದ್ವೇಷವಿದ್ದಿದ್ದರೆ ಹೆದರುತ್ತಿರಲಿಲ್ಲ, ದ್ವೇಷ ಎಂದಾದರೂ ಇಳಿಯುತ್ತದೆ. ನಿಮಗಿರುವುದು ಹೆಸರಿನ ಹುಚ್ಚು. ಹೆಂಡತಿಯನ್ನು ಫೇಲ್ ಮಾಡಿ ಡೀನ್ ಆದವರು, ಮಗಳನ್ನು ಫೇಲ್ ಮಾಡಿದರೆ ಕುಲಪತಿಯೇ ಆಗಬಹುದು. ಬೆಳ್ಳಿಹಬ್ಬದ ಪುಸ್ತಕಕ್ಕೆ ಇನ್ನೊಂದು ಸಾಲು ಸಿಕ್ಕಿತು. ಇನ್ನೊಂದು ಪೆಟ್ಟಿಗೆ ಮೇಜಿನ ಕೆಳಗೆ ಇದ್ದೇ ಇರುತ್ತದೆ.

ರಕ್ತಸಂಬಂಧಿಗಳನ್ನು ಪರೀಕ್ಷಿಸಬಾರದು ಎಂಬ ನಿಯಮ ಬೇರೆ ಕಡೆಯೆಲ್ಲ ಇದೆ. ನಮ್ಮಲ್ಲಿ ಏಕಿಲ್ಲ? ವಿಶ್ವವಿದ್ಯಾಲಯವಾದ ಹೊಸದರಲ್ಲಿ ಯಾರೋ ಈ ಮಾತು ಎತ್ತಿದಾಗ, ‘ಹೆಂಡತಿಯನ್ನೇ ಫೇಲ್ ಮಾಡಿದೋರು ನಮ್ಮಲ್ಲಿದ್ದಾರೆ, ನಮಗೆಂಥ ನಿಯಮ’ ಎಂದು ಆಗಿನ ಕುಲಪತಿ ನಕ್ಕು ತಳ್ಳಿಹಾಕಿದರು. ಸಭೆಯಲ್ಲಿ ನೀವೂ ಇದ್ದಿರಿ. ಬೇಡ, ನಿಯಮ ಇರಲಿ ಎನ್ನಲು ನಿಮಗೆ ನಾಲಿಗೆ ಏಳಲಿಲ್ಲ. ನನ್ನ ಸೋಲಿನ ಮೇಲೆ ನೀವು ಒಬ್ಬರೇ ಅಲ್ಲ, ಇಡೀ ಸಂಸ್ಥೆ ಮನೆ ಕಟ್ಟಿಕೊಂಡು ಕೂತಿದೆ.

ಆದ್ದರಿಂದ ಕೇಳಿ. ಪ್ರಾರ್ಥನೆಯಲ್ಲ ಇದು, ಎಚ್ಚರಿಕೆ. ಗುರುವಾರದೊಳಗೆ ಆ ಕುರ್ಚಿ ಬಿಡಿ. ಜ್ವರ ಎನ್ನಿ, ಸೊಂಟ ನೋವು ಎನ್ನಿ, ಬೇಕಿದ್ದರೆ ನಾನೇ ಔಷಧದ ಚೀಟಿ ತರಿಸಿಕೊಡುತ್ತೇನೆ. ಬಿಡದಿದ್ದರೆ ಮುಂದಿನ ವಿದ್ಯಾವಿಷಯಕ ಪರಿಷತ್ತಿನಲ್ಲಿ ಎದ್ದು ನಿಂತು ಆ ಮೂಳೆಯ ಪೆಟ್ಟಿಗೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ನಾನೂ ಒಬ್ಬ ಪ್ರಾಂಶುಪಾಲೆ, ನನಗೂ ಅಲ್ಲಿ ಕುರ್ಚಿಯಿದೆ, ಬಾಯಿಯೂ ಇದೆ. ಆಗ ಎಷ್ಟು ಜನ ನಗುತ್ತಾರೆ, ಯಾರನ್ನು ನೋಡಿ ನಗುತ್ತಾರೆ, ನೋಡೋಣ. ನನ್ನದನ್ನು ತಿಂದು ತೇಗಿದಿರಿ. ಅವಳ ತಟ್ಟೆಗೆ ಕೈ ಹಾಕಿದರೆ ಸುಮ್ಮನಿರುವುದಿಲ್ಲ.

ಕರಡನ್ನು ಬೇರೆಯಾಗಿ ಹಿಂದಿರುಗಿಸುತ್ತೇನೆ. ಶುಶ್ರೂಷಾ ವಿಭಾಗದ ಪ್ಯಾರಾದಲ್ಲಿ ಕಾಗುಣಿತದ ತಪ್ಪುಗಳೇನಿಲ್ಲ.

ಇತಿ,
ನಿಮ್ಮ ಭಾಷಣಗಳಿಗೆ ಇಷ್ಟು ವರ್ಷ ನಗು ಒದಗಿಸಿದವಳು,
ಶುಶ್ರೂಷಾ ಕಾಲೇಜಿನ ಪ್ರಾಂಶುಪಾಲೆ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಮಗಳು ಬಂದಳು. ಹಸಿವು ಎಂದು ಅಡುಗೆಮನೆಯಲ್ಲಿ ನಿಂತೇ ತಿಂದಳು. ಮುಖ್ಯ ಪರೀಕ್ಷಕರು ಯಾರೆಂದು ಗೊತ್ತೇನೇ ಎಂದು ಕೇಳಿದೆ. ಗೊತ್ತಂತೆ. ಪರೀಕ್ಷಕನಾಗಿ ಕೂರಲಾರೆ ಎಂದು ನೀವು ಬರೆದುಕೊಟ್ಟಿದ್ದಿರಂತೆ, ಅವಳೇ ನಿಮ್ಮ ಕೊಠಡಿಗೆ ಬಂದು ಹಠ ಹಿಡಿದು ವಾಪಸು ತೆಗೆಸಿದಳಂತೆ. ‘ಅಪ್ಪ ಇಲ್ಲದೆ ಪಾಸಾದ್ರೆ ಡೀನ್ ಮಗಳು ಅಂತ ಪಾಸ್ ಮಾಡಿದ್ರು ಅಂತಾರಮ್ಮಾ. ಅಪ್ಪನೇ ಕೂತು ಪಾಸ್ ಮಾಡಿದ್ರೆ ಯಾರು ಬಾಯಿ ಬಿಡ್ತಾರೆ? ಹೆಂಡ್ತಿಯನ್ನೇ ಫೇಲ್ ಮಾಡಿದೋರು’ ಎಂದು ನಕ್ಕಳು. ನಾನು ಫೇಲಾದದ್ದು ಅವಳಿಗೆ ಸರ್ಟಿಫಿಕೇಟು! ಬರೆದದ್ದನ್ನೆಲ್ಲ ಹರಿದು ಹಾಕೋಣವೆಂದು ಕೈಗೆ ತೆಗೆದುಕೊಂಡೆ, ಹರಿಯಲು ಮನಸ್ಸು ಬರಲಿಲ್ಲ. ಬಹಳ ವರ್ಷಗಳಿಂದ ಬರೆಯಬೇಕಿದ್ದದ್ದು, ಓದಿಕೊಳ್ಳಿ. ಕೂರುವುದಾದರೆ ಕೂರಿ. ಬೇರೆಯವರಿಗೆ ಕೇಳಿದಷ್ಟೇ ಅವಳಿಗೂ ಕೇಳಿ, ಅದಕ್ಕಿಂತ ಒಂದು ಹೆಚ್ಚೂ ಬೇಡ, ಒಂದು ಕಡಿಮೆಯೂ ಬೇಡ.

ಫೇಲಾದರೆ ಏನು ಮಾಡುತ್ತೀಯೇ ಎಂದೆ. ‘ಮತ್ತೆ ಕೂರ್ತೀನಿ. ಅದ್ಸರಿ, ನೀನ್ಯಾಕಮ್ಮಾ ಮತ್ತೆ ಕೂರಲಿಲ್ಲ?’ ಎಂದಳು. ಒಲೆಯ ಕಡೆ ತಿರುಗಿ, ಓದಲು ಸೋಮಾರಿತನ ಎಂದೆ. ನಂಬಿದಳು. ಮರುಪರೀಕ್ಷೆ ನಡೆದದ್ದು ಎಂದು, ತಾನು ಹುಟ್ಟಿದ್ದು ಎಂದು, ಅವಳು ಇವತ್ತಿನವರೆಗೆ ಕೂಡಿಸಿ ನೋಡಿಲ್ಲ. ನಿಮ್ಮನ್ನೂ ಕೇಳಬಹುದು. ನಿಮ್ಮಮ್ಮ ದಡ್ಡಿ ಎನ್ನಿ, ವೇದಿಕೆ ಹತ್ತಿ ಬೇಕಾದರೂ ಹೇಳಿ, ನಾನು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ. ಅವತ್ತು ನಾನು ಹೆರಿಗೆ ವಾರ್ಡಿನಲ್ಲಿದ್ದೆ ಎಂದು ಮಾತ್ರ ಅವಳಿಗೆ ಹೇಳಬೇಡಿ.