ಕತ್ತು ತಿರುಗಿದ ಹಕ್ಕಿಗಳ ಸಮಾಚಾರ

ಮನೆಯಿಂದ,
ಹನ್ನೆರಡನೇ ತಾರೀಕು, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಕೆಮ್ಮು ಹಿಡಿತಕ್ಕೆ ಬಂದಿದೆಯೇ? ಹಾಸಿಗೆಯಿಂದ ಕಿಟಕಿಯವರೆಗೆ ನಡೆದರೂ ಉಸಿರು ಕಟ್ಟುತ್ತದೆ ಎಂದು ಅಮ್ಮನ ಹತ್ತಿರ ಹೇಳಿದಿರಂತೆ. ಮೂಗಿನ ನಳಿಕೆಯನ್ನು ಕಿತ್ತು ದಿಂಬಿನ ಕೆಳಗೆ ಬಚ್ಚಿಡುತ್ತೀರಿ ಎಂದು ನರ್ಸಮ್ಮ ದೂರು ಕೊಟ್ಟಿದ್ದಾರೆ. ಆ ಕೆಲಸ ಬಿಡಿ. ಪಕ್ಕದ ಹಾಸಿಗೆಯ ರೈಲ್ವೆ ಗಾರ್ಡು ಈಗಲೂ ಗೊರಕೆಯಲ್ಲೇ ಗಾಡಿ ಬಿಡುತ್ತಾರೆಯೇ? ಇಲ್ಲಿ ಅಮ್ಮನ ಮಂಡಿ ನೋವು ಎಂದಿನಂತೆ ಇದೆ. ಕನ್ನಡಕದ ಅಂಗಡಿಯಲ್ಲಿ ನನಗೆ ಕೈತುಂಬ ಕೆಲಸ. ಶಾಲೆಗಳು ಶುರುವಾಗಿವೆ, ಊರಿನ ಮಕ್ಕಳಿಗೆಲ್ಲ ಒಟ್ಟಿಗೆ ಕಣ್ಣು ಮಂಜಾಗಿದೆ. ದಿನವಿಡೀ ಗಾಜು ಉಜ್ಜಿ ಉಜ್ಜಿ ಬೆರಳ ತುದಿಗಳು ಮರಗಟ್ಟಿವೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ; ಬರೆದಿದ್ದೇನೆ ಅಂದುಕೊಳ್ಳಿ.

ಫೋನ್ ಮಾಡುವುದು ಬಿಟ್ಟು ಪತ್ರವೇಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ಮಾತಾಡಿದರೆ ನಿಮಗೆ ಕೆಮ್ಮು ಹತ್ತುತ್ತದೆ, ನನಗೆ ಸಿಟ್ಟು ಹತ್ತುತ್ತದೆ. ಪತ್ರವಾದರೆ ನಡುವೆ ಬಾಯಿ ಹಾಕಿ "ಸರಿ ಸರಿ, ಅಮ್ಮಂಗೆ ಕೊಡು" ಎನ್ನಲು ನಿಮಗೆ ಆಗುವುದಿಲ್ಲ. ಮಡಿಚಿ ಇಡಬಹುದು, ಅಷ್ಟೇ. ಮಡಿಚಿಟ್ಟರೂ ದಿಂಬಿನ ಕೆಳಗಿನಿಂದ ಅದು ಮಾತಾಡುತ್ತಲೇ ಇರುತ್ತದೆ.

ನಿಮ್ಮ ಪಾರಿವಾಳಗಳ ಸಮಾಚಾರ ಬರೆಯಬೇಕು. ನೀವು ಅರ್ಧ ಕೇಳಿದ್ದೀರಿ, ಅದೂ ನಿಮ್ಮ ರೇಸು ಸಂಘದ ಕಾರ್ಯದರ್ಶಿಗಳ ಬಾಯಿಂದ. ಉಳಿದರ್ಧ ನನ್ನದು. ನೀವು ಆಸ್ಪತ್ರೆ ಸೇರುವ ಮುಂಚಿನ ವಾರ ಅವರು ಆ ನೀಲಿ ಗಂಡು ಹಕ್ಕಿಯನ್ನು ಎದೆಗವಚಿಕೊಂಡು ತಂದರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಕುತ್ತಿಗೆಯ ಮೇಲೆ ಹಸಿರು, ನೇರಳೆ ಹೊಳಪು, ಕಣ್ಣು ಕೆಂಡ. ಹೊಸ ಹಕ್ಕಿ ಬಂದರೆ ತಿಂಗಳುಗಟ್ಟಲೆ ಬೇರೆ ಗೂಡಿನಲ್ಲಿಟ್ಟು, ಹಿಕ್ಕೆ ನೋಡಿ, ಆಮೇಲೆ ಉಳಿದವುಗಳ ಜೊತೆ ಬಿಡಬೇಕು ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವರು ನೀವು. ಅವತ್ತು ನಾನು ಅದನ್ನೇ ಜ್ಞಾಪಿಸಿದೆ. ನೀವು ಏದುಸಿರು ಬಿಡುತ್ತಾ ನಕ್ಕಿರಿ. "ಒಡಹುಟ್ಟಿದವನ ಹಾಗಿರೋನು ಕೊಟ್ಟ ಹಕ್ಕೀನ ಬೇರೆ ಕೂರಿಸ್ತಾರೇನೇ?" ಎಂದು ನೇರವಾಗಿ ಮಾಳಿಗೆಯ ಗೂಡಿಗೆ ಬಿಟ್ಟಿರಿ.

ಆಮೇಲೆ ನೀವು ಆಸ್ಪತ್ರೆಗೆ ಹೋದಿರಿ. ಪುಕ್ಕದ ಧೂಳೇ ನಿಮ್ಮ ಶ್ವಾಸಕೋಶವನ್ನು ಕೆಡಿಸಿದೆ, ಇನ್ನು ಗೂಡಿನ ಬಾಗಿಲು ದಾಟಬಾರದು ಎಂದು ವೈದ್ಯರು ಹೇಳಿದಾಗ ನೀವು ಗೋಡೆ ಕಡೆ ತಿರುಗಿ ಮಲಗಿದಿರಿ. ಹಕ್ಕಿಗಳ ಜವಾಬ್ದಾರಿಯನ್ನು ನೀವು ನನಗೆ ಕೊಡಲಿಲ್ಲ ಅಪ್ಪಾ, ಕಾರ್ಯದರ್ಶಿಗಳಿಗೆ ಕೊಟ್ಟಿರಿ. ರೇಸು ಹತ್ತಿರ ಬಂದಿದೆ, ಪುರುಸೊತ್ತಿಲ್ಲ ಎಂದು ಅವರು ಜಾರಿಕೊಂಡ ಮೇಲೆ ಅವು ನನ್ನ ಪಾಲಿಗೆ ಬಂದವು. ಚಿಕ್ಕಂದಿನಿಂದ ಗೂಡು ಕೆರೆದು ತೊಳೆಯಲು ನಾನು ಬೇಕಿತ್ತು. ಹಕ್ಕಿ ಹಿಡಿಯಲು ಹೋದರೆ ಮಾತ್ರ "ಬಿಡು, ಹುಡುಗೀರ ಕೈ ಬಿಸಿ, ಬೆದರ್ತವೆ" ಎನ್ನುತ್ತಿದ್ದಿರಿ. ಆ ಬಿಸಿ ಕೈಗಳಿಗೆ ಮಾಸ್ಕು, ಹಳೇ ಅಂಗಿ, ಬೀಗದ ಕೈ ಎಲ್ಲ ಒಟ್ಟಿಗೆ ಸಿಕ್ಕವು.

ಮೊದಲು ನೀರು. ಕುಡಿಯುತ್ತವೆ, ಕುಡಿಯುತ್ತವೆ, ಹಿಕ್ಕೆಯೂ ನೀರು. ಬಿಸಿಲಿಗಿರಬೇಕು ಅಂದುಕೊಂಡೆ. ಆಮೇಲೆ ಒಂದು ಬೆಳಗ್ಗೆ ನಿಮ್ಮ ಕರಿಪಟ್ಟಿ, ಮೂರು ರೇಸು ಗೆದ್ದ ನಿಮ್ಮ ಕಣ್ಮಣಿ, ಕಾಳಿಗೆ ಕೊಕ್ಕು ಹಾಕಿತು. ಕೊಕ್ಕು ಕಾಳಿನ ಪಕ್ಕಕ್ಕೆ ಬಿತ್ತು. ಮತ್ತೆ ಹಾಕಿತು, ಮತ್ತೆ ಪಕ್ಕಕ್ಕೆ. ಎದುರಿಗೆ ರಾಶಿ ಕಾಳಿದ್ದರೂ ಒಂದೂ ಬಾಯಿಗೆ ಹೋಗಲಿಲ್ಲ. ಸಂಜೆ ಅಂಗಡಿಯಿಂದ ಬಂದು ನೋಡುತ್ತೇನೆ, ಅದರ ಕತ್ತು ತಿರುಗಿ ತಿರುಗಿ ನೆತ್ತಿ ನೆಲಕ್ಕೆ, ಗದ್ದ ಆಕಾಶಕ್ಕೆ. ಬಾಗಿಲ ಸದ್ದಿಗೇ ಬೆಚ್ಚಿ ಹಿಂದಕ್ಕೆ ಪಲ್ಟಿ ಹೊಡೆದು, ಬೆನ್ನ ಮೇಲೆ ಬಿದ್ದು ಕಾಲು ಬಡಿಯಿತು. ಎರಡು ದಿನದಲ್ಲಿ ಇನ್ನೂ ಕೆಲವು ಹಾಗೇ ಆದವು. ಒಂದು ಮೂಲೆಯಲ್ಲಿ ನಿಂತಲ್ಲೇ ಸುತ್ತುತ್ತಿತ್ತು, ಯಾರೋ ಕೀಲಿ ಕೊಟ್ಟು ಬಿಟ್ಟ ಆಟಿಕೆಯ ಹಾಗೆ.

ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಬುಟ್ಟಿಯಲ್ಲಿ ಹಾಕಿಕೊಂಡು ಹೋದೆ. ಅವರು ಮುಟ್ಟಿ ನೋಡಿ, ಪರೀಕ್ಷೆಗೆ ಕಳಿಸಿ, "ಇದು ವೈರಸ್ಸಮ್ಮಾ, ನರಕ್ಕೆ ಹೋಗುತ್ತೆ. ಇದನ್ನ ಕೊಲ್ಲೋ ಔಷಧಿ ನನ್ನ ಹತ್ರ ಇಲ್ಲ. ಬೇರೆ ಇಡಿ, ಕೈಯಾರೆ ತಿನ್ನಿಸಿ, ಗಲಾಟೆ ಬೇಡ. ಹೊಟ್ಟೆಗಿಲ್ಲದೆ ಸಾಯೋವೇ ಜಾಸ್ತಿ. ತಿನ್ನಿಸಿದ್ರೆ ಎಷ್ಟೋ ಉಳ್ಕೋತವೆ" ಎಂದರು. ಮಾಳಿಗೆಯಲ್ಲಿ ಆರೋಗ್ಯವಾಗಿದ್ದವಕ್ಕೆ ಲಸಿಕೆ ಹಾಕಿದರು. ಕಾಯಿಲೆಯವನ್ನು ನಾನು ಮೆಟ್ಟಿಲ ಕೆಳಗಿನ ಕೋಣೆಗೆ ಇಳಿಸಿದೆ. ಕಿಟಕಿಗೆ ಅಮ್ಮನ ಹಳೇ ಸೀರೆ ಕಟ್ಟಿ ಮಬ್ಬು ಮಾಡಿದೆ. ಉರುಳದಿರಲಿ ಎಂದು ಪ್ರತಿಯೊಂದರ ಸುತ್ತ ಟವೆಲ್ ಸುರುಳಿ ಸುತ್ತಿಟ್ಟೆ.

ತಿನ್ನಿಸುವುದು ಹೇಗೆ ಎಂದು ನೀವು ಯಾವತ್ತೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳಬೇಕು. ತಿರುಚಿದ ತಲೆಯನ್ನು ಬಲವಂತವಾಗಿ ನೇರ ಮಾಡಬಾರದು; ಅಂಗೈಯಲ್ಲಿ ಹಿಡಿದು ಕಾಯಬೇಕು, ತಾನಾಗಿ ಸ್ವಲ್ಪ ಸಡಿಲವಾಗುತ್ತದೆ. ಆಗ ಎರಡು ಬೆರಳಲ್ಲಿ ಕೊಕ್ಕು ಬಿಡಿಸಿ, ನೆನೆಸಿದ ಬಟಾಣಿಯನ್ನು ನಾಲಿಗೆಯ ಹಿಂದಕ್ಕೆ ತಳ್ಳಬೇಕು. ಒಂದು, ಇನ್ನೊಂದು, ಮತ್ತೊಂದು, ಗಂಟಲ ಕೆಳಗಿನ ಚೀಲ ತುಂಬುವವರೆಗೆ. ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಒಂದು ಸುತ್ತು, ಬಂದ ಮೇಲೆ ಒಂದು ಸುತ್ತು. ಕೈ ತೊಳೆದು ತೊಳೆದು ಚರ್ಮ ಸುಲಿಯಿತು. ಮೊದಮೊದಲು ಅಮ್ಮ ಮೂಗು ಮುಚ್ಚಿಕೊಂಡು "ಗಂಡನ ಮನೆ ಸೇರೋ ವಯಸ್ಸಲ್ಲಿ ಹಕ್ಕಿ ಬಾಣಂತನ ಮಾಡ್ಕೊಂಡು ಕೂತಿದಾಳೆ" ಎಂದು ಗೊಣಗಿದಳು. ಆದರೆ ಪಾತ್ರೆ ಬಿದ್ದ ಸದ್ದಿಗೆ ಅವು ಪಲ್ಟಿ ಹೊಡೆಯುವುದನ್ನು ನೋಡಿದ ಮೇಲೆ ಮಿಕ್ಸಿಯನ್ನು ತಾನೇ ಹೊತ್ತು ಮುಂಬಾಗಿಲ ಹತ್ತಿರ ಇಟ್ಟಳು. ಬೆಕ್ಕಿನ ಹೆಜ್ಜೆಯಲ್ಲಿ ಓಡಾಡತೊಡಗಿದಳು. ಮಂಡಿ ನೋವಿನವಳು, ಅಪ್ಪಾ.

ಕೆಲವು ಉಳಿಯಲಿಲ್ಲ. ಸುಳ್ಳು ಹೇಳುವುದಿಲ್ಲ. ತೊಡೆಯ ಮೇಲೇ ಹೋದವೂ ಇವೆ. ಆದರೆ ಕರಿಪಟ್ಟಿಯ ಕತ್ತು ದಿನದಿಂದ ದಿನಕ್ಕೆ ಹಗುರವಾಯಿತು. ಬಟ್ಟಲಿನಲ್ಲಿ ಆಳವಾಗಿ ಕಾಳು ತುಂಬಿಟ್ಟರೆ ಎಲ್ಲಿ ಕೊಕ್ಕಿಟ್ಟರೂ ಏನಾದರೂ ಸಿಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಮೊನ್ನೆಯದಲ್ಲ, ಅದರ ಹಿಂದಿನ ಭಾನುವಾರ ಬೆಳಗ್ಗೆ ಅದು ಓಲಾಡಿಕೊಂಡು ಬಂದು, ಬಟ್ಟಲಿಗೆ ಕೊಕ್ಕು ತೂರಿಸಿ, ಒಂದು ಕಾಳು ಎತ್ತಿ, ತಾನೇ ನುಂಗಿತು. ನಾನು ನೆಲದ ಮೇಲೆ ಕೂತು ಅತ್ತೆ. ತಕ್ಷಣ ನಿಮಗೆ ಫೋನ್ ಮಾಡಿದೆ. "ಅಪ್ಪಾ, ತಾನೇ ತಿಂತು!" ಅಂದೆ. ನೀವು ಏನು ಹೇಳಿದಿರಿ, ನೆನಪಿದೆಯೇ? "ಕತ್ತು ತಿರುಗಿದ್ದು ಇನ್ನೇನು ರೇಸಿಗೆ ಬರುತ್ತಾ? ನಾಲ್ಕು ಜನಕ್ಕೆ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ. ಕಾರ್ಯದರ್ಶಿಗಳಿಗೆ ಹೇಳಿದೀನಿ, ಬರ್ತಾರೆ." ಉಸಿರು ಕಟ್ಟಿದವರಿಗೆ ಕೊಡುವ ಹಾಸಿಗೆಯಲ್ಲಿ ಮಲಗಿಕೊಂಡು ಈ ಮಾತು ಹೇಳಿದಿರಿ. ನೋಡಿಕೊಂಡು ಹೋಗಲು ಬರುತ್ತಾರೇನೋ ಎಂದು ನಾನು ತಿಳಿದೆ. ಅಷ್ಟು ಪೆದ್ದಿ.

ಬುಧವಾರ ಅಂಗಡಿಯಿಂದ ಬಂದಾಗ ಮೆಟ್ಟಿಲ ಕೆಳಗಿನ ಕೋಣೆಯ ನೆಲ ಒದ್ದೆಯಾಗಿತ್ತು. ಯಾರೋ ತೊಳೆದಿದ್ದರು. ಟವೆಲ್ ಸುರುಳಿಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಅಮ್ಮ ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿದ್ದಳು. ಕಾರ್ಯದರ್ಶಿಗಳು ಗೋಣಿಚೀಲ ತಂದಿದ್ದರಂತೆ. "ಅಕ್ಕಾ, ನೀವು ಒಳಗೋಗಿ, ನೋಡ್ಬೇಡಿ" ಎಂದರಂತೆ. "ನಿಮ್ಮಪ್ಪ ಫೋನ್ ಮಾಡಿ ಕೀ ಕೊಡು ಅಂದ್ರು, ಕೊಟ್ಟೆ" ಎಂದಷ್ಟೇ ಹೇಳಿದಳು. ನಾನು ಅವಳನ್ನು ಬೈಯಲಿಲ್ಲ. ಬಕೆಟ್ಟುಗಳ ಹಿಂದೆ ಏನೋ ಕರಕರ ಸದ್ದಾಯಿತು. ಬೂದುಗಂದು ಬಣ್ಣದ ಚಿಕ್ಕದೊಂದು, ನೀವು ಯಾವತ್ತೂ ಲೆಕ್ಕಕ್ಕಿಟ್ಟುಕೊಳ್ಳದ್ದು, ಉರುಳಿಕೊಂಡು ಹೋಗಿ ಅಲ್ಲಿ ಸಿಕ್ಕಿಹಾಕಿಕೊಂಡಿತ್ತು. ಆ ಕೋಣೆಯಲ್ಲಿದ್ದವುಗಳಲ್ಲಿ ಅದೊಂದೇ ಉಳಿದದ್ದು. ತಾನೇ ತಿನ್ನಲು ಕಲಿತಿದ್ದ ಕರಿಪಟ್ಟಿ ಚೀಲಕ್ಕೆ ಹೋಯಿತು.

ಅದರ ಕಾಲಿನ ಉಂಗುರವನ್ನಾದರೂ ತರೋಣ ಎಂದು ಮರುದಿನ ಕಾರ್ಯದರ್ಶಿಗಳ ಮನೆಗೆ ಹೋದೆ. ಅವರು ಇರಲಿಲ್ಲ. ಅವರ ಹೆಂಡತಿ ಕುರ್ಚಿ ಎಳೆದು ಕೂರಿಸಿದರು. ಪಾಪ, ಕಪಟ ಗೊತ್ತಿಲ್ಲದ ಹೆಂಗಸು. "ನೀನು ಕೈಯಾರೆ ತಿನ್ನಿಸ್ತಿದ್ಯಂತೆ. ಆ ಬುದ್ಧಿ ನಮಗೆ ಹೊಳೀಲಿಲ್ಲ ನೋಡಮ್ಮಾ. ನಮ್ಮಲ್ಲಿ ಹೀಗೇ ಕತ್ತು ತಿರುಗಿದಾಗ ಇವರು ಒಂದೊಂದಾಗಿ ಹಿಸುಕಿ ಹಾಕಿಬಿಟ್ರು. ನಿಮ್ಮನೇಗೆ ಕೊಟ್ಟ ಗಂಡು ಒಂದೇ ಚೇತರಿಸಿಕೊಂಡಿದ್ದು" ಎಂದರು. "ಯಾವಾಗ ಅತ್ತೇ?" ಎಂದೆ. ನಮ್ಮ ಮನೆಗೆ ಹಕ್ಕಿ ಬರುವ ಮುಂಚೆಯೇ ಅಂತೆ. ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದರು. ಹೆಂಡತಿಯ ಮುಖ, ನನ್ನ ಮುಖ ನೋಡಿದರು, ಚಪ್ಪಲಿ ಬಿಡಲಿಲ್ಲ. "ರೇಸ್ ಮುಗಿಯೋತನಕ ಬಾಯಿ ಮುಚ್ಕೊಂಡಿರು. ಎಲ್ರ ಹಕ್ಕೀನೂ ಹಾರಿಸೋ ಜಾಗಕ್ಕೆ ಒಂದೇ ಲಾರೀಲಿ ಹೋಗ್ಬೇಕು. ಗೊತ್ತಾದ್ರೆ ಒಬ್ಬನೂ ಹಕ್ಕಿ ಕಳಿಸಲ್ಲ" ಎಂದರು. ಒಂದೇ ಲಾರಿ, ಪಕ್ಕಪಕ್ಕದ ಬುಟ್ಟಿಗಳು, ಒಂದೇ ನೀರಿನ ತೊಟ್ಟಿ. ಅಷ್ಟು ಸಾಕಲ್ಲವೇ, ಊರಿನ ಗೂಡುಗಳೆಲ್ಲ ಖಾಲಿಯಾಗಲು?

ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ನಿನ್ನೆ ಸಂಘದ ಸಭೆಗೆ ಡಾಕ್ಟರಮ್ಮನನ್ನು ಕರೆದುಕೊಂಡು ಹೋದೆ. ಹೆಂಗಸರಿಗೆ ಇಲ್ಲೇನು ಕೆಲಸ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಕಾಯಿಲೆ ನಮ್ಮ ಗೂಡಿಗೆ ಎಲ್ಲಿಂದ ಬಂತು, ಅದಕ್ಕೂ ಮುಂಚೆ ಎಲ್ಲಿತ್ತು ಎಂದು ನಿಂತುಕೊಂಡೇ ಹೇಳಿದೆ. ಆಮೇಲೆ ಇನ್ನಿಬ್ಬರು ಎದ್ದು ನಿಂತರು. ಅವರ ಮನೆಗೂ ಕಾರ್ಯದರ್ಶಿಗಳ ಗೂಡಿನ ಮರಿಗಳು ಹೋಗಿದ್ದವಂತೆ, ಅಲ್ಲೂ ಕಾಳು ಗುರಿ ತಪ್ಪುತ್ತಿತ್ತಂತೆ. ಅವರು ಗಾಳಿ ಹೊಡೆದಿದೆ ಎಂದು ಸುಮ್ಮನಿದ್ದರು. ರೇಸು ನಿಂತಿತು. ಎಲ್ಲ ಹಕ್ಕಿಗೂ ಲಸಿಕೆ ಆಗುವವರೆಗೆ ಯಾರೂ ಗೂಡು ತೆರೆಯುವಂತಿಲ್ಲ. ನಿಮ್ಮ ಸ್ನೇಹಿತರು ಎದ್ದು ಹೊರಗೆ ಹೋದರು. ನನಗೆ ಖುಷಿಯೇನೂ ಆಗಲಿಲ್ಲ. ಅವರು ಸೋತ ಮಾತ್ರಕ್ಕೆ ಕರಿಪಟ್ಟಿ ಎದ್ದು ಬರುತ್ತದೆಯೇ?

ಆ ನೀಲಿ ಗಂಡು ಮಾಳಿಗೆಯಲ್ಲಿ, ಬೇರೆ ಗೂಡಿನಲ್ಲಿ, ಗಂಟಲುಬ್ಬಿಸಿಕೊಂಡು ತಿರುಗುತ್ತಿದೆ. ಅದನ್ನು ಏನೂ ಮಾಡುವುದಿಲ್ಲ. ಅದು ತಾನಾಗಿ ಬಂದದ್ದಲ್ಲ. ಬೂದುಗಂದು ಚಿಕ್ಕದು ಈಗ ಕತ್ತು ಓರೆ ಮಾಡಿಕೊಂಡೇ ತಿನ್ನುತ್ತದೆ. ಓರೆ ಹಾಗೇ ಉಳಿಯಬಹುದಂತೆ, ಉಳಿಯಲಿ. ನೀವು ಮನೆಗೆ ಬಂದ ಮೇಲೂ ಗೂಡಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ವೈದ್ಯರ ಮಾತಿಗಾಗಿ ಅಂತ ಅಮ್ಮನಿಗೆ ಹೇಳಿದ್ದೇನೆ. ನೀವು ಹಾಗೆಂದು ತಿಳಿಯುವ ಅಗತ್ಯವಿಲ್ಲ.

ನಳಿಕೆ ಕೀಳಬೇಡಿ. ಹೊತ್ತುಹೊತ್ತಿಗೆ ಉಣ್ಣಿ. ಅಮ್ಮ ನಿಮ್ಮನ್ನು ಕೇಳಿದೆ ಎಂದು ಬರೆಯಲು ಹೇಳಿದಳು. ಗಾರ್ಡಿಗೂ ನಮ್ಮ ನಮಸ್ಕಾರ ತಿಳಿಸಿ. ಬೇಗ ಗುಣವಾಗಿ ಬನ್ನಿ. ಇದನ್ನು ಮಾತ್ರ ಮನಸ್ಸಿನಿಂದಲೇ ಬರೆದಿದ್ದೇನೆ.

ನಿಮ್ಮ ಮಗಳು

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅವತ್ತು ಅವರ ಮನೆಯ ಬಾಗಿಲು ದಾಟುವಾಗ ಕಾರ್ಯದರ್ಶಿಗಳು ಇನ್ನೊಂದು ಮಾತು ಹೇಳಿದರು. "ಆ ಗಂಡಿಗೆ ಕಾಯಿಲೆ ಬಂದು ಹೋಗಿತ್ತು ಅಂತ ನಿಮ್ಮಪ್ಪಂಗೆ ಹೇಳೇ ಕೊಟ್ಟಿದ್ದು. ತಳಿ ಚೆನ್ನಾಗಿದೆ, ಕೊಡು ಪರವಾಗಿಲ್ಲ ಅಂದೋರು ಅವರೇ." ನಿನ್ನೆ ಸಭೆಯಲ್ಲಿ ನಾನು ಎಲ್ಲ ಹೇಳಿದೆ, ಇದೊಂದನ್ನು ಹೇಳಲಿಲ್ಲ. ಅವರೂ ಹೇಳಲಿಲ್ಲ, ಯಾಕೆ ಅಂತ ಗೊತ್ತಿಲ್ಲ. ಭಾನುವಾರ ಹಣ್ಣು ಹಿಡಿದುಕೊಂಡು ನಿಮ್ಮನ್ನು ನೋಡಲು ಬರುತ್ತಾರಂತೆ. ಅವರು ಬರುವ ಮುಂಚೆ ನನಗೆ ಉತ್ತರ ಬರೆಯಿರಿ. ನಿಮಗೆ ಗೊತ್ತಿತ್ತೇ? ಹೌದು ಅಂತಲೋ, ಇಲ್ಲ ಅಂತಲೋ. ಯಾಕೆ ಏನು ಅಂತ ಬೇಡ. ನೀವು ಇಲ್ಲ ಅಂತ ಬರೆದರೆ ನಾನು ನಂಬುತ್ತೇನೆ ಅಪ್ಪಾ. ಅದಕ್ಕೇ ಭಯವಾಗುತ್ತಿದೆ.