ಎರಡನೆಯ ಅಳತೆ

ಅಂಗಡಿಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಪೈಪು ಕಾಯಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಹೇಳಿದರೆ ಮುಖ ಊದಿಸಿಕೊಳ್ಳುತ್ತೀಯ, ಆದರೂ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ.

ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೇನೆ. ಕಾಲು ಕಳೆದುಕೊಂಡವರಿಗೆ ಒಂದು ಮರದ ಕಾಲು ಕೆತ್ತಲು ನನಗೆ ಮೂರು ವಾರ ಬೇಕು; ನೀನು ಪ್ಲಾಸ್ಟಿಕ್ ನೀರಿನ ಪೈಪು ಕಾಯಿಸಿ, ಬಗ್ಗಿಸಿ, ಹತ್ತರಲ್ಲೊಂದು ಪಾಲು ಬೆಲೆಗೆ ಅರ್ಧ ದಿನದಲ್ಲಿ ಜನರನ್ನು ನಡೆಸಿಬಿಡುತ್ತೀಯ. ಇನ್ನು ನನ್ನ ಹತ್ತಿರ ಯಾರು ತಾನೇ ಬರುತ್ತಾರೆ? "ಇದು ಕಾಲಲ್ಲ ಕಣೇ, ಚರಂಡಿ ಪೈಪು" ಎಂದು ಅವತ್ತು ನಾಲ್ಕು ಜನರ ಮುಂದೆ ನಿನ್ನನ್ನು ಆಡಿಕೊಂಡೆ. ನೀನು ಅಳತೆಪಟ್ಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದೆ.

ನಿಜ ಹೇಳಲೇ? ಹೋದ ವ್ಯಾಪಾರಕ್ಕಿಂತ ಗೋಡೆ ಪಕ್ಕದ ಖಾಲಿ ಬೆಂಚು ನನ್ನನ್ನು ಹೆಚ್ಚು ಕಾಡುತ್ತದೆ. ಮೊದಲ ಅಳತೆ, ಎರಡನೆಯ ಅಳತೆ, ಅಲ್ಲಿ ಬಿಗಿ, ಇಲ್ಲಿ ಸಡಿಲ ಎಂದು ಜನ ಐದಾರು ಸಲ ಬರುತ್ತಿದ್ದರು. ಕಾಲು ಸಿದ್ಧವಾಗುವ ಹೊತ್ತಿಗೆ ಅವರ ಮನೆಜಗಳವೆಲ್ಲ ನನಗೆ ಬಾಯಿಪಾಠ. ಈಗ ರೇಡಿಯೋ ಹಾಕಿಕೊಂಡು ಅದರ ಜೊತೆಗೇ ವಾದ ಮಾಡುತ್ತೇನೆ. ತುಂಬಾ ಒಂಟಿಯಾಗಿದ್ದೇನೆ ಕಣೇ.

ಮೊನ್ನೆ ಬೀಗ ರಿಪೇರಿಯವನು ಬಂದಿದ್ದ. ನಿನ್ನ ಹತ್ತಿರ ಕಾಲು ಹಾಕಿಸಿಕೊಂಡು ಎರಡು ತಿಂಗಳಾಯಿತಂತೆ. "ಹಗುರಾಗಿದೆ ಮೇಸ್ತ್ರಿ, ಬಸ್ಸು ಹತ್ತಿ ಇಳೀತೀನಿ. ಆದ್ರೆ ಉಜ್ಜಿ ಉಜ್ಜಿ ಗಾಯ ಆಗಿದೆ" ಎಂದ. ಬಿಚ್ಚಿ ನೋಡಿದೆ. ಕೆಲಸದಲ್ಲಿ ಹುಡುಕಿದರೂ ಕುಂದು ಸಿಗಲಿಲ್ಲ. ಹೊಟ್ಟೆ ಉರಿಯಿತು, ಹೆಮ್ಮೆಯೂ ಆಯಿತು. ಎರಡು ಪದರ ಮೆತ್ತನೆ ಬಟ್ಟೆ ಸುತ್ತಿಕೊಟ್ಟೆ. ಸಂಜೆಯವರೆಗೂ ಕೂತು ಹರಟಿ ಹೋದ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮರದ ಪುಡಿ ಮೆತ್ತಿದ ಕೈಯಲ್ಲೇ ನಿನ್ನ ತಲೆ ಸವರುತ್ತಾ,

ನಿನ್ನ ಅಪ್ಪ

ಮರೆತಿದ್ದೆ: ಕಾಲು ಮಾಡುವವರ ಸಂಘದವರು ನಿನ್ನ ಮೇಲೆ ದೂರು ಕೊಡುತ್ತಿದ್ದಾರೆ. ಪೈಪು ಕಾಲಿನಿಂದ ಗಾಯ ಏಕಾಗುತ್ತದೆ ಎಂದು ಬರೆದುಕೊಡಲು ನನ್ನನ್ನೇ ಕೇಳಿದ್ದಾರೆ. ಕಾರಣ ಇಷ್ಟೇ. ಹೊಸ ಕಾಲಿನಲ್ಲಿ ನಡೆಯುತ್ತಾ ಹೋದಂತೆ ಮೊಂಡುಗಾಲಿನ ಮಾಂಸ ಇಳಿಯುತ್ತದೆ, ಹಿಡಿತ ಸಡಿಲವಾಗಿ ಉಜ್ಜತೊಡಗುತ್ತದೆ. ನೀನು ಒಂದೇ ಅಳತೆ ತೆಗೆದು ಕಳಿಸಿಬಿಡುತ್ತೀಯ. ಆರು ವಾರಕ್ಕೆ ಎಲ್ಲರನ್ನೂ ಮತ್ತೆ ಕರೆಸು. ಇದನ್ನು ಸಂಘಕ್ಕೆ ಬರೆಯಲಿಲ್ಲ, ನಿನಗೆ ಬರೆದೆ. ಪುರುಸೊತ್ತಿಲ್ಲದಿದ್ದರೆ ಎರಡನೆಯ ಅಳತೆಗೆ ಅವರನ್ನು ಇಲ್ಲಿಗೆ ಕಳಿಸು, ಬೆಂಚು ಖಾಲಿ ಇದೆ. ಇಲ್ಲವೇ ನೀನೇ ಬಂದು ತೆಗೆ. ಅಳತೆಪಟ್ಟಿ ನೀನಿಟ್ಟ ಜಾಗದಲ್ಲೇ ಇದೆ.