ಗೌರಕ್ಕನ ಬಾಯಿಗೆ ಕನ್ನಡ ಬಂದ ದಿನ

ಬೆಹಾಲಾ, ಕೋಲ್ಕತ್ತಾ
೧೩ ಫೆಬ್ರವರಿ ೨೦೦೭

ಚಿರಂಜೀವಿ ಬಾಲಕೃಷ್ಣನಿಗೆ,

ಸುಭದ್ರಕ್ಕನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ. ಈ ಮಾತನ್ನು ಇಷ್ಟು ದಿನ ರೂಢಿಗೆಂದು ಬರೆಯುತ್ತಿದ್ದೆ, ಇವತ್ತು ಮನಸ್ಸಿನಿಂದ ಬರೆಯುತ್ತಿದ್ದೇನೆ. ನಿನ್ನ ಈಚಿನ ಪತ್ರಗಳಿಗೆ ಉತ್ತರ ಕೊಡಲಿಲ್ಲವೆಂದು ಸಿಟ್ಟಾಗಬೇಡ. ಬರೆಯಲು ಕೂತರೆ ಒಳ್ಳೆಯ ಸುದ್ದಿ ಒಂದೂ ಇರುತ್ತಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈ ಫ್ಲ್ಯಾಟಿನಲ್ಲಿ ಪಿಸುಮಾತೂ ಗೌರಕ್ಕನ ಕಿವಿಗೆ ಬೀಳುತ್ತದೆ. ಅವಳ ಎದುರಿಗೇ ಅವಳ ಕಾಯಿಲೆಯ ಮಾತು ಹೇಗೆ ಆಡಲಿ? ನಿನ್ನ ಕಾಲಿನ ಪ್ಲಾಸ್ಟರ್ ತೆಗೆದರೋ ಇಲ್ಲವೋ? ಅವಸರ ಮಾಡಿ ರೈಲು ಹತ್ತಬೇಡ. ಈಗ ಹತ್ತುವ ಅಗತ್ಯವೂ ಇಲ್ಲ. ಗೌರಕ್ಕ ಕನ್ನಡ ಮಾತಾಡಿದಳು, ಬಾಲೂ!

ದೀಪಾವಳಿ ಆದ ಮೇಲೆ ಅವಳಿಗೆ ಲಕ್ವ ಹೊಡೆದು ಮಾತು ನಿಂತದ್ದು ನಿನಗೆ ಗೊತ್ತು. ಆಮೇಲೆ ಮಾತು ಮರಳಿತೆಂದೂ ತಿಳಿಸಿದ್ದೆ. ಯಾವ ಮಾತು ಎಂಬುದನ್ನು ಮಾತ್ರ ತಿಳಿಸಿರಲಿಲ್ಲ. ಬಂದದ್ದು ಬರೀ ಬಂಗಾಳಿ. 'ಜೋಲ್ ದಾವ್' ಎನ್ನುವಳು, ನೀರು ಕೊಡು ಅಂತ. ನಾನು "ಅಕ್ಕಾ, ಬಿಸೀದು ಬೇಕೋ ತಣ್ಣಂದು ಬೇಕೋ?" ಎಂದರೆ ಯಾವುದೋ ದೇಶದವಳನ್ನು ನೋಡುವಂತೆ ನೋಡುವಳು. ಅವಳ ಮಗಳು ನಮ್ರತಾ ನಿನಗೆ ಗೊತ್ತಲ್ಲ, ಇಲ್ಲೇ ಹುಟ್ಟಿ ಬೆಳೆದವಳು, ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದವಳು. ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಗೆ ರಜೆ ಹಾಕಿ ಅವಳೇ ನಮ್ಮಿಬ್ಬರ ನಡುವೆ ಕೂತು, "ಮೌಶಿ, ಅಮ್ಮ ಹೇಳ್ತಾಳೆ, ಆ ವಿಂಡೋ ಓಪನ್ ಮಾಡು" ಎಂದು ತಿಳಿಸಬೇಕಾಯಿತು. ಒಡಹುಟ್ಟಿದವರ ನಡುವೆ ದುಭಾಷಿ!

ಕೆಲವರಿಗೆ ಒಂದೇ ಭಾಷೆ ಮೊದಲು ಮರಳುತ್ತದೆ, ಕಾಯಿರಿ ಎಂದರು ಡಾಕ್ಟರು. ನಮ್ಮ ಭಾವ ಲಕ್ಷ್ಮೀನಾರಾಯಣರು ಕಾಯುವ ಪೈಕಿಯವರಲ್ಲ. ದಿನಾ ಸಂಜೆ ಹಾಸಿಗೆಯ ಪಕ್ಕ ಕೂತು "ಮಾಳಮಡ್ಡಿ, ಗೌರಿ. ಸಪ್ತಾಪುರ, ಗೌರಿ. ಲೈನ್ ಬಜಾರ" ಎಂದು ಧಾರವಾಡದ ಓಣಿ ಓಣಿ ಸುತ್ತಿಸುತ್ತಿದ್ದರು. ಅವಳು ನಗುತ್ತಿದ್ದಳು, ಅಷ್ಟೇ.

ಮೊನ್ನೆ ರವಿವಾರ ಅವಳ ಹುಟ್ಟುಹಬ್ಬ. ಯಾರನ್ನೂ ಕರೆದಿರಲಿಲ್ಲ. ಆದರೂ ಭಾವ ಬಂದರಿನ ನೌಕರಿಯಲ್ಲಿದ್ದಾಗ ಖಿದಿರ್‌ಪುರದ ಕ್ವಾರ್ಟರ್ಸ್‌ನಲ್ಲಿ ನೆರೆಯಲ್ಲಿದ್ದ ತುಳಸಿ ಎಂಬಾಕೆ ಹೊಸ ಬೆಲ್ಲದ ಪಾಯಸ ಮಾಡಿಕೊಂಡು ಬಂದಳು. ಇಲ್ಲಿ ಹುಟ್ಟುಹಬ್ಬಕ್ಕೆ ಅದು ಆಗಲೇಬೇಕು. ಆಕೆ ಹಿಂದಿಯಲ್ಲಿ ಹೇಳಿದ ಕಥೆ ನಿನಗೂ ಗೊತ್ತಿರಲಿಕ್ಕಿಲ್ಲ.

ಆಗ ಗೌರಕ್ಕ ಮದುವೆಯಾಗಿ ಬಂದು ವರ್ಷವೂ ಆಗಿರಲಿಲ್ಲವಂತೆ. ಬಂದ್ ದಿನ ಈ ತುಳಸಿಗೆ ಹೆರಿಗೆ ನೋವು. ಬಸ್ಸಿಲ್ಲ, ಟ್ರಾಮಿಲ್ಲ, ಗಂಡ ಊರಲ್ಲಿಲ್ಲ. ಗೌರಕ್ಕ ಕಾಯಿಪಲ್ಲೆಯವನ ತಳ್ಳುಗಾಡಿ ಖಾಲಿ ಮಾಡಿಸಿ, ತನ್ನ ಹೊಸ ಕೌದಿ ಹಾಸಿ, ಇವಳನ್ನು ಮಲಗಿಸಿದಳಂತೆ. ಗಾಡಿಯ ಮುಂದೆ ತಾನು. ಬಂಗಾಳಿ ಒಂದು ಅಕ್ಷರ ಬಾರದು. ದಾರಿಗೆ ಅಡ್ಡ ನಿಂತ ಹುಡುಗರಿಗೆ "ಸರೀರಿ! ಹಡಿಯೋಕಿ ಅದಾಳ, ಕಣ್ಣ ಕಾಣ್ಸೂದಿಲ್ಲೇನು?" ಎಂದು ಅಪ್ಪಟ ಧಾರವಾಡದ ದನಿಯಲ್ಲಿ ಒದರಿದಳಂತೆ. ಅವರು ಸರಿದರು, ಅಷ್ಟೇ ಅಲ್ಲ, ಆಸ್ಪತ್ರೆಯವರೆಗೂ ಅವರೇ ಗಾಡಿ ತಳ್ಳಿದರು. ಬಂಗಾಳಿ ಕಲಿತದ್ದು ಆಮೇಲೆ, ಆ ಕೂಸನ್ನು ನೋಡಲು ಹೋಗಿ ಬರುವಾಗ.

ನಾವು ಅವಳನ್ನು ಗಟ್ಟಿ ಬಾಯಿಯವಳು ಎಂದು ನಗುತ್ತಿದ್ದೆವಲ್ಲ. ಆ ಬಾಯಿ ಒಮ್ಮೆಯೂ ತನಗೋಸ್ಕರ ಜಗಳ ತೆಗೆದದ್ದು ನನಗೆ ನೆನಪಿಲ್ಲ. ಅಪ್ಪನ ಎದುರು ನನ್ನ ಕಾಲೇಜಿಗೆ ಜಗಳಾಡಿದಳು, ನಿನ್ನ ಮದುವೆಗೆ ಜಗಳಾಡಿದಳು. ತನ್ನನ್ನು ಇಷ್ಟು ದೂರ ಕೊಟ್ಟಾಗ ಮಾತ್ರ ಸುಮ್ಮನಿದ್ದಳು.

ಊಟಕ್ಕೆ ಬದನೆಕಾಯಿ ಎಣಗಾಯಿ ಮಾಡಿದ್ದೆ. ಇಲ್ಲಿಯ ಪೇಟೆಯಲ್ಲಿ ಗುರೆಳ್ಳು ಸಿಗಲಿಲ್ಲ, ಬರೀ ಶೇಂಗಾ ಪುಡಿ ತುಂಬಿದ್ದೆ. ನಮ್ರತಾ ತುತ್ತು ಇಟ್ಟಳು. ಗೌರಕ್ಕ ಅಗಿದಳು, ಅಗಿಯುವುದನ್ನು ನಿಲ್ಲಿಸಿದಳು, ಮುಖ ಕಿವಿಚಿದಳು.

"ಯಾರ್ ಮಾಡ್ಯಾರಿದನ್ನ? ಗುರೆಳ್ಳಿನ ಪುಡಿ ಎಲ್ಲಿ?"

ಭಾವ ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದು "ಏನಂದಿ?" ಎಂದರು.

"ಗುರೆಳ್ಳು ಅಂದೆ. ಕಿವಿ ಕೇಳ್ಸೂದಿಲ್ಲೇನ್ರಿ ನಿಮಗ?"

ಭಾವ ಹೋ ಎಂದು ಅತ್ತುಬಿಟ್ಟರು. ನಮ್ರತಾ "ಅಮ್ಮಾ, ಇನ್ನೊಂದ್ಸಲ ಬೈಯಿ, ಪ್ಲೀಸ್" ಎಂದು ಅವಳ ಕುತ್ತಿಗೆಗೆ ಜೋತುಬಿದ್ದಳು. ತುಳಸಿಗೆ ಏನೂ ತಿಳಿಯದಿದ್ದರೂ ಅತ್ತಳು, ನಕ್ಕಳು. ಆಮೇಲೆ ನಲ್ಲಿ ತಿರುಗಿಸಿದ ಹಾಗೆ ಮಾತು ಬಂತು. ನಮ್ರತಾಳ ಬಡಕಲು ಮೈಯಿಗೆ ಬೈದಳು, ಗೋಡೆಯ ಬಣ್ಣಕ್ಕೆ ಬೈದಳು. "ನಮ್ಮ ಬಾಲ್ಯಾ ಎಲ್ಲೆ? ಹುಟ್ಟಿದಹಬ್ಬಕ್ಕೂ ಬರಂಗಿಲ್ಲೇನು ಆಂವಾ?" ಎಂದು ನಿನ್ನನ್ನು ಕೇಳಿದಳು. ಕಾಲು ಮುರಿದಿದೆ ಎಂದರೆ "ಎತ್ಲಾಗ ನೋಡ್ಕೋತ ನಡೀತಿದ್ದ?" ಎಂದಳು. ಡಾಕ್ಟರು ನಿನ್ನೆ ನೋಡಿ, ಇನ್ನು ದಿನದಿಂದ ದಿನಕ್ಕೆ ಸುಧಾರಿಸುತ್ತಾರೆ ಎಂದಿದ್ದಾರೆ. ಎಷ್ಟೋ ದಿನಗಳ ಮೇಲೆ ನಿನ್ನೆ ನನಗೆ ಕಣ್ತುಂಬ ನಿದ್ದೆ ಬಂತು.

ನೀನೂ ನಿಶ್ಚಿಂತೆಯಿಂದ ಇರು. ನಿನಗೂ ಮನೆಮಂದಿಗೂ ದೇವರು ಆಯುಷ್ಯ, ಆರೋಗ್ಯ ಕೊಡಲಿ. ಗುರೆಳ್ಳು ಪಾರ್ಸಲ್ ಮಾಡು.

ನಿನ್ನ ಪ್ರೀತಿಯ
ಸುಭದ್ರಕ್ಕ

ತಾ.ಕ.: ರವಿವಾರ ಸಂಜೆ ತುಳಸಿ ಹೋದ ಮೇಲೆ ಗೌರಕ್ಕನ ತಲೆ ಬಾಚುತ್ತ ಕೂತಿದ್ದೆ. "ನೀವು ದಿನಾ ಇಲ್ಲೇ ಇರ್ತೀರಲ್ರಿ, ಮನ್ಯಾಗ ನಿಮ್ಮನ್ನ ಕಾಯೋರು ಇಲ್ಲೇನು?" ಎಂದು ಕೇಳಿದಳು. ನನಗೆ 'ನೀವು' ಎಂದಳು, ಬಾಲೂ. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು, "ನಮ್ಮ ಸುಭದ್ರಾನೂ ಹಿಂಗ, ನೋವಾಗಧಂಗ ಬಾಚ್ತಾಳ. ಬರ್ತೀನಿ ಅಂದಾಳ. ಇನ್ನೂ ಬಂದಿಲ್ಲ." "ಬರ್ತಾರ ಬಿಡ್ರಿ" ಎಂದೆ. ಜಡೆ ಹೆಣೆದು ಮುಗಿಸಿದೆ.